ಹಗುರ ಚಕ್ರ ಕೊಳ್ಳುವ ಮೊದಲು ತಕ್ಕಡಿ ಹುಡುಕಿ

ಆಯನೂರಿನಿಂದ ಹಣಗೆರೆಕಟ್ಟೆ ಕಡೆಗೋ ಅರಸಾಳು, ರಿಪ್ಪನ್‌ಪೇಟೆ ಕಡೆಗೋ ಸೈಕಲ್ ತಿರುಗಿಸಿದವರಿಗೆ ಗೊತ್ತು, ಇಲ್ಲಿ ಒಂದೇ ಸಮ ತುಳಿಯುವ ದಾರಿ ಕಡಿಮೆ. ಇಳಿದು ಹಳ್ಳ ದಾಟಬೇಕು, ಮತ್ತೆ ಏರಬೇಕು, ತಿರುವಿನಲ್ಲಿ ಬ್ರೇಕ್ ಹಿಡಿದು ಮತ್ತೆ ವೇಗ ಕೂಡಿಸಬೇಕು. ಟಾರು ಬಿಟ್ಟು ತೋಟದ ದಾರಿಗೆ ಇಳಿದರಂತೂ ಜಂಬಿಟ್ಟಿಗೆ ಕಲ್ಲು, ಬೇರು, ಬಿದಿರು ಮುಳ್ಳು. ಟ್ರೈಲ್ ಬೈಕ್ ಕೊಂಡ ಕೆಲವೇ ತಿಂಗಳಲ್ಲಿ ಹುಡುಗರು ಕೇಳುವ ಪ್ರಶ್ನೆ: ‘ಹಗುರ ವ್ಹೀಲ್ ಹಾಕ್ಸಿದ್ರೆ ಹೆಂಗೆ?’

ಹಾಕಿಸಬಹುದು. ಆದರೆ ದುಡ್ಡು ಹಾಕುವ ಕ್ರಮ ಚಕ್ರದ ಹೊರಗಿನಿಂದ ಒಳಕ್ಕೆ ಇರಲಿ. ಮೊದಲು ಟೈರು, ಆಮೇಲೆ ರಿಮ್, ಕೊನೆಗೆ ಹಬ್. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು.

ಮೊದಲ ಕೆಲಸ: ಇರುವುದನ್ನು ತೂಗಿ

ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಚಕ್ರ ಬಿಚ್ಚಿ ಟೈರು, ಟ್ಯೂಬು, ಡಿಸ್ಕು, ಕ್ಯಾಸೆಟ್ ಎಲ್ಲವನ್ನೂ ಬೇರೆಬೇರೆ ತೂಗಿ ಬರೆದಿಡಿ. ಸಾಧಾರಣ ಬೆಲೆಯ 29 ಇಂಚಿನ ಬೈಕ್‌ನಲ್ಲಿ ಬರಿಯ ಚಕ್ರಗಳ ಜೋಡಿಯೇ ಸುಮಾರು 2.4 ಕಿಲೋ ಬರುತ್ತದೆ. ಅಂಚಿನಲ್ಲಿ ತಂತಿ ಇರುವ ಟೈರು ಒಂದಕ್ಕೆ 900 ಗ್ರಾಂ ಹತ್ತಿರ, ಟ್ಯೂಬು 200 ಗ್ರಾಂಗಿಂತ ಮೇಲೆ.

ಈಗ ಲೆಕ್ಕ ನೋಡಿ. ತಂತಿಯ ಟೈರಿನ ಬದಲು ಮಡಚಬಹುದಾದ ಟೈರು ಹಾಕಿದರೆ ನೂರೈವತ್ತು ಗ್ರಾಂ ಇಳಿಯಬಹುದು. ಟ್ಯೂಬ್ ತೆಗೆದು ತೂತು ಮುಚ್ಚುವ ದ್ರವ, ಅಂದರೆ ಸೀಲಂಟ್, 100 ಮಿಲಿ ಸುರಿದರೆ ಇನ್ನೊಂದು ನೂರು ಗ್ರಾಂ. ಎರಡೂ ಚಕ್ರ ಸೇರಿ ಅರ್ಧ ಕಿಲೋ ಆಯಿತು. ಒಳ್ಳೆಯ ಅಲ್ಯೂಮಿನಿಯಂ ಚಕ್ರದ ಜೋಡಿ 1.8 ಕಿಲೋ ತೂಗಿದರೆ ಅದರಿಂದ ಸಿಗುವ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ, ಖರ್ಚು ಮಾತ್ರ ಹಲವು ಪಟ್ಟು. ಹಾಗಾಗಿ ಟೈರಿನಲ್ಲಿ ಸಿಗುವುದನ್ನು ಮೊದಲು ತೆಗೆದುಕೊಳ್ಳಿ. ಹಳೆಯ ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗದಿದ್ದರೆ ಒತ್ತಾಯ ಬೇಡ, ತಿರುವಿನಲ್ಲಿ ಗಾಳಿ ಒಮ್ಮೆಗೇ ಬಿಟ್ಟೀತು. ಮಡಚುವ ಟೈರು, ತೆಳು ಟ್ಯೂಬು ಇಷ್ಟಕ್ಕೇ ನಿಲ್ಲಿ.

ಅರ್ಧ ಕಿಲೋದಿಂದ ಆಗುವುದೇನು? ಸವಾರ 70 ಕಿಲೋ, ಬೈಕ್ 14 ಕಿಲೋ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಯ ಏರಿನಲ್ಲಿ ಉಳಿಯುವುದು ಹತ್ತು ಸೆಕೆಂಡು. ಅಷ್ಟೇ. ಒಂದೇ ವೇಗದಲ್ಲಿ ಏರುವಾಗ ತೂಕ ಚಕ್ರದಲ್ಲಿದ್ದರೂ ಒಂದೇ, ಬೆನ್ನ ಚೀಲದಲ್ಲಿದ್ದರೂ ಒಂದೇ. ವ್ಯತ್ಯಾಸ ಕಾಣುವುದು ವೇಗ ಕೂಡಿಸುವಾಗ. ಚಕ್ರದ ಅಂಚಿನಲ್ಲಿರುವ ತೂಕವನ್ನು ಮುಂದಕ್ಕೆ ತಳ್ಳಲೂ ಬೇಕು, ಸುತ್ತಿಸಲೂ ಬೇಕು, ಅದಕ್ಕೇ ಅಲ್ಲಿನ ಒಂದು ಗ್ರಾಂ ಆಗ ಎರಡು ಗ್ರಾಂನಷ್ಟು ಭಾರ. ಹಬ್ ನಡುವಿನಲ್ಲಿರುವುದರಿಂದ ಅದಕ್ಕೆ ಈ ದಂಡ ಇಲ್ಲವೆಂದೇ ಹೇಳಬಹುದು. ಹಬ್‌ನಲ್ಲಿ ಐವತ್ತು ಗ್ರಾಂ ಇಳಿಸಲು ದುಬಾರಿ ದುಡ್ಡು ಕೊಡುವವರು ಇದನ್ನು ಒಮ್ಮೆ ಯೋಚಿಸಲಿ. ಕಲ್ಲುದಾರಿಯಲ್ಲಿ ಇನ್ನೊಂದು ಲಾಭವಿದೆ: ಚಕ್ರ ಹಗುರವಾದಷ್ಟೂ ಸಸ್ಪೆನ್ಷನ್ ಅದನ್ನು ಬೇಗ ನೆಲಕ್ಕೆ ತರುತ್ತದೆ.

ನಿಮ್ಮ ಬೈಕ್‌ಗೆ ಹಿಡಿಸುತ್ತದೆಯೇ?

ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ.

ಟೈರಿನ ಬದಿಯಲ್ಲಿ ಅಚ್ಚಾಗಿರುವ ಸಂಖ್ಯೆ ಒಂದು: 622 ಎಂದಿದ್ದರೆ 29 ಇಂಚು, 584 ಎಂದಿದ್ದರೆ 27.5, 559 ಎಂದಿದ್ದರೆ 26. ಎರಡನೆಯದು ಆಕ್ಸಲ್. ಹೊಸ ಟ್ರೈಲ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 110, ಹಿಂದೆ 148 ಮಿಲಿಮೀಟರ್ ಅಗಲದ ‘ಬೂಸ್ಟ್’ ಆಕ್ಸಲ್ ಇರುತ್ತದೆ. ಕಡಿಮೆ ಬೆಲೆಯವುಗಳಲ್ಲಿ 100 ಮತ್ತು 135ರ ಕ್ವಿಕ್ ರಿಲೀಸ್. ಒಂದರ ಚಕ್ರ ಇನ್ನೊಂದಕ್ಕೆ ಕೂರುವುದಿಲ್ಲ. ಮೂರನೆಯದು ಡಿಸ್ಕ್: ಆರು ಬೋಲ್ಟ್‌ನದೋ ಸೆಂಟರ್ ಲಾಕ್‌ನದೋ. ನಾಲ್ಕನೆಯದರಲ್ಲೇ ಹೆಚ್ಚು ಜನ ಎಡವುವುದು. ಏಳು ಗೇರಿನ ಬೈಕ್‌ಗಳಲ್ಲಿ ಹಿಂದಿನ ಹಲ್ಲುಚಕ್ರ ಬಹುತೇಕ ಥ್ರೆಡ್ ಸುತ್ತಿ ಕೂರುವ ಫ್ರೀವ್ಹೀಲ್. ಹಗುರ ಚಕ್ರಗಳು ಬರುವುದು ಕ್ಯಾಸೆಟ್ ತೂರಿಸುವ ಹಬ್‌ನೊಂದಿಗೆ, ಅದರಲ್ಲೂ ಶಿಮಾನೋ ಎಚ್‌ಜಿ, ಮೈಕ್ರೋ ಸ್ಪ್ಲೈನ್, ಸ್ರಾಮ್ ಎಕ್ಸ್‌ಡಿ ಎಂದು ಬೇರೆಬೇರೆ. ನಿಮ್ಮದು ಕ್ವಿಕ್ ರಿಲೀಸ್, ಫ್ರೀವ್ಹೀಲ್ ಎರಡೂ ಆಗಿದ್ದರೆ ಟೈರು ಬದಲಿಸಿ ಸುಮ್ಮನಿರಿ. ಬೈಕ್‌ಗಿಂತ ದುಬಾರಿ ಚಕ್ರ ಹಾಕುವುದಕ್ಕಿಂತ ಆ ದುಡ್ಡನ್ನು ಮುಂದಿನ ಬೈಕ್‌ಗೆ ಕೂಡಿಡುವುದು ಲೇಸು.

ರಿಮ್ ಮತ್ತು ಕಡ್ಡಿ

2.3 ಇಂಚಿನ ಆಸುಪಾಸಿನ ಟೈರಿಗೆ ಒಳ ಅಗಲ 25ರಿಂದ 30 ಮಿಲಿಮೀಟರ್ ಇರುವ ರಿಮ್ ಸರಿ. 29 ಇಂಚಿನ ಅಲ್ಯೂಮಿನಿಯಂ ರಿಮ್ ಒಂದು 450ರಿಂದ 550 ಗ್ರಾಂ ತೂಗಿದರೆ ನಮ್ಮ ದಾರಿಗೆ ತಕ್ಕದ್ದು. ಅದಕ್ಕಿಂತ ತೀರಾ ಹಗುರವಾದವು ರೇಸಿನವರಿಗೆ. ಕಾರ್ಬನ್ ರಿಮ್ ಒಳ್ಳೆಯದೇ, ಆದರೆ ಹಿಂದಿನ ಚಕ್ರ ಕಲ್ಲಿನ ಅಂಚಿಗೆ ಬಡಿದಾಗ ಅಲ್ಯೂಮಿನಿಯಂ ತಗ್ಗಾಗುತ್ತದೆ, ಕಾರ್ಬನ್ ಬಿರುಕು ಬಿಡುತ್ತದೆ. ತಗ್ಗಾದ ರಿಮ್‌ನಲ್ಲಿ ಹೇಗೋ ಮನೆ ಸೇರಬಹುದು. ನನ್ನ ಆಯ್ಕೆ ಕೇಳಿದರೆ ಮುಂದೆ ಹಗುರ ರಿಮ್, 28 ಕಡ್ಡಿ; ಹಿಂದೆ ಸ್ವಲ್ಪ ದಪ್ಪ ರಿಮ್, 32 ಕಡ್ಡಿ. ಎರಡೂ ಒಂದೇ ಜೋಡಿಯಾಗಿರಬೇಕೆಂದು ಯಾರೂ ಬರೆದಿಟ್ಟಿಲ್ಲ. ಸವಾರನ ತೂಕಕ್ಕೆ ಕಂಪನಿ ಹಾಕಿದ ಮಿತಿಯನ್ನು ಚೀಲದ ಭಾರವನ್ನೂ ಸೇರಿಸಿ ನೋಡಿ.

ಭದ್ರಾವತಿಯವರಿಗೆ ಉಕ್ಕಿನ ಗುಣ ಹೇಳಿಕೊಡಬೇಕಿಲ್ಲ. ದುಬಾರಿ ಚಕ್ರಗಳಲ್ಲೂ ಕಡ್ಡಿ ಮಾತ್ರ ಬಹುಮಟ್ಟಿಗೆ ಸ್ಟೇನ್‌ಲೆಸ್ ಉಕ್ಕಿನದೇ. ಎರಡು ತುದಿಯಲ್ಲಿ 2 ಮಿಲಿಮೀಟರ್, ನಡುವೆ 1.8ಕ್ಕೆ ಸಣ್ಣಗಾಗುವ ಕಡ್ಡಿ ಹಗುರ, ಜೊತೆಗೆ ಬಾಳಿಕೆಯೂ ಹೆಚ್ಚು, ಏಕೆಂದರೆ ಹೊಡೆತ ಬಿದ್ದಾಗ ನಡುಭಾಗ ತುಸು ಹಿಗ್ಗಿ ಬಾಗಿದ ಕೊರಳಿನ ಮೇಲಿನ ಭಾರ ಇಳಿಸುತ್ತದೆ. ಕೊರಳು ಬಾಗಿದ ಮಾಮೂಲಿ ಕಡ್ಡಿಯನ್ನೇ ಆರಿಸಿ. ನೆಟ್ಟನೆಯ ವಿಶೇಷ ಕಡ್ಡಿ ಮುರಿದರೆ ಬೆಂಗಳೂರಿನಿಂದ ಕೊರಿಯರ್ ಬರುವವರೆಗೆ ಬೈಕ್ ಗೋಡೆಗೆ ಒರಗಿರಬೇಕಾದೀತು. ಚಕ್ರ ಕೊಳ್ಳುವಾಗಲೇ ಪ್ರತಿ ಅಳತೆಯ ಎರಡೆರಡು ಕಡ್ಡಿ, ನಿಪ್ಪಲ್ ಕೇಳಿ ಪಡೆಯಿರಿ.

ಹಬ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಳೆಗಾಲದ ಕೆಸರು ನೀರಿಗೆ ಸೀಲ್ಡ್ ಬೇರಿಂಗ್ ಇರಲಿ. ಅದರ ಮುಚ್ಚಳದ ಮೇಲಿನ 6902ರಂಥ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸೈಕಲ್ ಅಂಗಡಿಯಲ್ಲಿ ಸಿಗದಿದ್ದರೂ ನಗರದ ಬೇರಿಂಗ್ ಅಂಗಡಿಯಲ್ಲಿ ವಿಚಾರಿಸಬಹುದು.

ಮುಳ್ಳಿನ ಲೆಕ್ಕ

ಬಿದಿರು ಮುಳ್ಳು, ಜಾಲಿ ಮುಳ್ಳು ಇರುವ ಕಡೆ ಟ್ಯೂಬ್‌ಲೆಸ್‌ನ ನಿಜವಾದ ಲಾಭ ತೂಕವಲ್ಲ, ಪಂಕ್ಚರ್ ಇಲ್ಲದಿರುವುದು. ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿ. ಸೀಲಂಟ್ ತಾನೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಿ. 70 ಕಿಲೋ ಸವಾರ ಗಾಳಿಯನ್ನು ಮುಂದೆ 22, ಹಿಂದೆ 25 ಪಿಎಸ್‌ಐ ಆಸುಪಾಸಿನಿಂದ ಶುರುಮಾಡಿ ಹದ ಕಂಡುಕೊಳ್ಳಬಹುದು. ಟೈರಿನ ಬದಿ ತೀರಾ ತೆಳುವಾಗಿದ್ದರೆ ಜಂಬಿಟ್ಟಿಗೆ ಅದನ್ನು ಸೀಳುತ್ತದೆ, ಆ ಸೀಳನ್ನು ಯಾವ ಸೀಲಂಟೂ ಮುಚ್ಚದು. ಟೈರಿನಲ್ಲಿ ಕೊನೆಯ ನೂರು ಗ್ರಾಂ ಇಳಿಸುವ ಆಸೆ ಬಿಡಿ. ಚೀಲದಲ್ಲಿ ಒಂದು ಟ್ಯೂಬ್ ಇದ್ದೇ ಇರಲಿ.

ಕೂರಿಸಿದ ಮೇಲೆ

ಡಿಸ್ಕ್ ಕೂರುವ ಜಾಗ ಕೂದಲೆಳೆಯಷ್ಟು ಬದಲಾದರೂ ಬ್ರೇಕ್ ಉಜ್ಜುತ್ತದೆ. ಕ್ಯಾಲಿಪರ್ ಸಡಿಲಿಸಿ ಮತ್ತೆ ಹೊಂದಿಸಿ. ಗೇರನ್ನೂ ಒಮ್ಮೆ ನೋಡಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಕಡ್ಡಿಗಳ ಬಿಗಿ ಪರೀಕ್ಷಿಸಿ ಬೆಂಡ್ ತೆಗೆಸಿ. ಈ ಕೆಲಸಕ್ಕೆ ಕೈಪಳಗಿದ ಹಳೆಯ ಸೈಕಲ್ ಮೇಸ್ತ್ರಿಯೇ ಆಗಬೇಕು, ಕಡ್ಡಿ ಮೀಟಿ ಸದ್ದಿನಿಂದಲೇ ಸಡಿಲು ಹೇಳುವವರು ಈಗಲೂ ಇದ್ದಾರೆ.

ಪರೀಕ್ಷೆಯ ಸವಾರಿಗೆ ಊರ ನಡುವಿನ ಮಣ್ಣುದಾರಿ ಸಾಕು. ಹಣಗೆರೆ ದಾರಿಯ ಆಚೀಚೆ ಇರುವುದು ಶೆಟ್ಟಿಹಳ್ಳಿ ವನ್ಯಜೀವಿ ಧಾಮ, ಆನೆ ಓಡಾಡುವ ಕಾಡು. ಸಾರ್ವಜನಿಕ ರಸ್ತೆ ಬಿಟ್ಟು ಒಳಗಿಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಹಳೆಯ ಚಕ್ರ ಮಾರಬೇಡಿ, ಮಾರಿದರೆ ಬರುವ ದುಡ್ಡೂ ಅಷ್ಟಕ್ಕಷ್ಟೇ. ಕೆಸರಿನ ಟೈರು ಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಆದರೆ ಎರಡು ಜೋಡಿ ಬಳಸುವವರು ಚೈನ್ ಕಡೆ ಗಮನವಿಡಬೇಕು: ಸವೆದು ಹಿಗ್ಗಿದ ಚೈನ್ ಹೊಸ ಕ್ಯಾಸೆಟ್ಟನ್ನೂ ಬೇಗ ಸವೆಸುತ್ತದೆ. ಸ್ಕೇಲ್ ಹಿಡಿದು ನೋಡಿ. ಹನ್ನೆರಡು ಇಂಚು ಇರಬೇಕಾದ ಉದ್ದ ಒಂದು ಇಂಚಿನ ಹದಿನಾರನೇ ಒಂದರಷ್ಟು ಹೆಚ್ಚಿದ್ದರೆ ಹೊಸ ಚಕ್ರದ ಜೊತೆಗೇ ಹೊಸ ಚೈನನ್ನೂ ಹಾಕಿಸಿ.