ಸೈಲೆನ್ಸರಿನ ಕಾವು ಮತ್ತು ಗಾಡಿಯ ವಾಯರುಗಳು

ಹಿಂದಿನ ಪಾಠದಲ್ಲಿ ಬ್ಯಾಟರಿಯ ಆರೈಕೆಯ ವಿಷಯ ಬರೆದಿದ್ದೆವು. ಅದನ್ನು ಓದಿದ ಚಾಲಕ ಬಂಧುಗಳೊಬ್ಬರು ವಾಚನಾಲಯದ ಬಾಗಿಲಲ್ಲೇ ನಮ್ಮನ್ನು ತಡೆದು, "ಬ್ಯಾಟರಿ ಏನೋ ಛಲೋ ಐತ್ರಿ, ಖರೆ ಎಂಜಿನ್ ಬಾಜೂಕಿನ ವಾಯರು ವರ್ಷಕ್ಕೊಮ್ಮಿ ಕರಗತೈತಲ್ರಿ, ಅದಕ್ಕೇನ ಮಾಡೂದು?" ಎಂದು ಕೇಳಿದರು. ಇದು ಸಣ್ಣ ಪ್ರಶ್ನೆಯಲ್ಲ. ಬಾಡಿಗೆ ಗಾಡಿ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಅಂದಿನ ಗಳಿಕೆ ನಿಲ್ಲುತ್ತದೆ, ಮಾಲೀಕನಿಗೆ ಕೊಡಬೇಕಾದ ಹಣ ಮಾತ್ರ ನಿಲ್ಲುವುದಿಲ್ಲ. ಗಾಡಿಗೇ ಬೆಂಕಿ ಹತ್ತಿದರಂತೂ ಊರಿಗೆ ಹಣ ಕಳಿಸುವ ಮಾತು ಹಾಗಿರಲಿ, ಒಳಗೆ ಕುಳಿತವರ ಜೀವವೇ ಅಪಾಯಕ್ಕೆ ಬಂತು. ಆದುದರಿಂದ ಈ ಸಲ ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಪೆಟ್ರೋಲು ಎಂಜಿನ್ ತಾನು ಉರಿಸುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹೊಗೆಯ ಜೊತೆಗೆ ಹೊರಕ್ಕೆ ಚೆಲ್ಲುತ್ತದೆ. ಭಾರ ಹೊತ್ತು ಏರು ಹತ್ತುವಾಗ ಆ ಹೊಗೆಯ ಉಷ್ಣತೆ 600ರಿಂದ 800 ಡಿಗ್ರಿ ಸೆಂಟಿಗ್ರೇಡ್ ಮುಟ್ಟುವುದುಂಟು. ಅದು ಮೊದಲು ಹಾಯುವುದು ಎಂಜಿನ್ನಿಗೆ ಅಂಟಿಕೊಂಡ ಬೀಡು ಕಬ್ಬಿಣದ ಮ್ಯಾನಿಫೋಲ್ಡಿನೊಳಗೆ, ಆಮೇಲೆ ಸೈಲೆನ್ಸರ್ ಪೈಪಿನೊಳಗೆ. ಇನ್ನು ನಮ್ಮ ವಾಯರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನೋಡಿ. ಸಾಮಾನ್ಯ ಪಿವಿಸಿ ತಾಳುವುದು 70 ಡಿಗ್ರಿ. ಹೆಚ್ಚು ಕಾವು ತಾಳಲೆಂದೇ ಮಾಡಿದ ಪಿವಿಸಿ 105 ಡಿಗ್ರಿ. ಇಂಥ ಎರಡು ವಸ್ತುಗಳು ಒಂದೇ ಪೆಟ್ಟಿಗೆಯೊಳಗೆ ಗೇಣುದ್ದದ ಅಂತರದಲ್ಲಿ ಬಾಳ್ವೆ ಮಾಡಬೇಕು.

ಕಾವು ವಾಯರನ್ನು ತಲಪುವ ದಾರಿಗಳು ಮೂರು. ಒಲೆಯ ಮೇಲಿನ ರೊಟ್ಟಿಯ ಹಂಚನ್ನು ನೆನೆಸಿಕೊಂಡರೆ ಸಾಕು. ಮುಟ್ಟಿದರೆ ಸುಡುವುದು ಒಂದು. ಮೇಲೆ ಕೈ ಹಿಡಿದರೆ ಏರಿ ಬರುವ ಬಿಸಿಗಾಳಿ ಎರಡನೆಯದು. ಪಕ್ಕದಲ್ಲಿ ಹಿಡಿದ ಕೈಗೂ ತಾಗುವ ಝಳ ಮೂರನೆಯದು. ಮೊದಲೆರಡು ಎಲ್ಲರಿಗೂ ಗೊತ್ತು, ಮೋಸ ಮಾಡುವುದು ಮೂರನೆಯದು. ಝಳವು ಕಾವಿನ ಜೊತೆ ಸಮನಾಗಿ ಏರುವುದಿಲ್ಲ. ಲೋಹದ ಉಷ್ಣತೆ 300 ಡಿಗ್ರಿಯಿಂದ 600 ಡಿಗ್ರಿಗೆ ಏರಿದರೆ ಅದು ಬೀರುವ ಝಳ ಎರಡು ಪಟ್ಟಲ್ಲ, ಐದು ಪಟ್ಟಿಗೂ ಮಿಗಿಲಾಗುತ್ತದೆ. ಮಾಟುಂಗದಿಂದ ಸಾಯನ್‌ವರೆಗೆ ಆರಾಮವಾಗಿ ಓಡುವಾಗ ಏನೂ ಆಗದ ವಾಯರು ಘಾಟ್ ಹತ್ತುವಾಗ ಕರಗುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ವಿಚಿತ್ರವೂ ಉಂಟು. ಗಾಡಿ ಓಡುತ್ತಿರುವಾಗ ಮುಂದಿನಿಂದ ನುಗ್ಗುವ ಗಾಳಿ ಕಾವನ್ನು ಒಯ್ಯುತ್ತದೆ. ಕಿಂಗ್ಸ್ ಸರ್ಕಲ್ಲಿನ ಗರ್ದಿಯಲ್ಲಿ ನಿಂತಾಗ ಆ ಗಾಳಿ ಇಲ್ಲ. ಎಂಜಿನ್ ಆರಿಸಿದರೆ, ಪಟ್ಟಿಯಿಂದ ತಿರುಗುವ ಪಂಖದ ಹಳೆಯ ಗಾಡಿಗಳಲ್ಲಿ ಪಂಖವೂ ನಿಂತಿತು, ನೀರಿನ ಓಟವೂ ನಿಂತಿತು; ಲೋಹದಲ್ಲಿ ಕೂಡಿದ್ದ ಕಾವೆಲ್ಲ ಬಾನೆಟ್ಟಿನ ಕೆಳಗೇ ಸುತ್ತುತ್ತದೆ. ಗಾಡಿ ನಿಲ್ಲಿಸಿದ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಅನೇಕ ವಾಯರುಗಳು ಓಟದಲ್ಲಿದ್ದುದಕ್ಕಿಂತ ಹೆಚ್ಚು ಬೇಯುತ್ತವೆ.

ಹೀಗೆ ಮತ್ತೆ ಮತ್ತೆ ಬೆಂದ ಪಿವಿಸಿ ಒಮ್ಮೆಲೇ ಕರಗುವುದಿಲ್ಲ. ಅದನ್ನು ಮೃದುವಾಗಿಡುವ ಎಣ್ಣೆಯಂಥ ದ್ರವ್ಯ ಮೆಲ್ಲನೆ ಹೊರಟುಹೋಗಿ, ವಾಯರು ಒಣಗಿದ ಕಡ್ಡಿಯಂತೆ ಗಡಸಾಗಿ ಸೀಳುತ್ತದೆ. ಒಳಗಿನ ತಾಮ್ರ ಹೊರಬಂದು ಪೈಪನ್ನು ಮುಟ್ಟಿತೆಂದರೆ ಕೆಲಸ ಕೆಟ್ಟಿತು. ಏಕೆಂದರೆ ಆ ಪೈಪು ಎಂಜಿನ್ನಿನ ಮೂಲಕ ಬ್ಯಾಟರಿಯ ಋಣ ತುದಿಗೆ ಸೇರಿಯೇ ಇರುತ್ತದೆ. "12 ವೋಲ್ಟು ತಾನೆ, ಏನಾದೀತು?" ಎನ್ನುವವರಿದ್ದಾರೆ. 12 ವೋಲ್ಟು ಕೈಗೆ ಹೊಡೆಯುವುದಿಲ್ಲ, ನಿಜ. ಆದರೆ 100 ಆಂಪಿಯರ್ ಹರಿದರೆ 1200 ವಾಟ್ ಆಯಿತು. ಮನೆಯ ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚಿನ ಕಾವು. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲಿಗೆ ಬಹಳಷ್ಟು ಗಾಡಿಗಳಲ್ಲಿ ಫ್ಯೂಸೇ ಇರುವುದಿಲ್ಲ. ಮೊದಲು ಕಾಪಾಡಬೇಕಾದುದು ಅದನ್ನು.

ಅಮೆರಿಕದಲ್ಲಿ ಹಳೆಯ ಗಾಡಿಯ ಹೊಟ್ಟೆಗೆ ಭಾರೀ ಎಂಜಿನ್ ತುರುಕಿ ಓಡಿಸುವ ಹವ್ಯಾಸವೊಂದಿದೆ. ಅಂಥ ಗಾಡಿಗೆ ಹಾಟ್ ರಾಡ್ ಎಂದು ಹೆಸರು. ಹೆನ್ರಿ ಫೋರ್ಡನ ಕಾರಖಾನೆ 1932ರಲ್ಲಿ ಹೊರತಂದ ವಿ-8 ಗಾಡಿ ಅವರಿಗೆ ಅಚ್ಚುಮೆಚ್ಚು. ಎಂಜಿನ್ ದೊಡ್ಡದು, ಜಾಗ ಚಿಕ್ಕದು. ಪೈಪೂ ವಾಯರೂ ಒಂದಕ್ಕೊಂದು ಉಜ್ಜುವಂತೆ ಕೂರುತ್ತವೆ. ನಮ್ಮ ರಸ್ತೆಯಲ್ಲಿ ಆ ಆಟಕ್ಕೆ ಎಡೆಯಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸಿದ ಗಾಡಿಗೆ ರಿಜಿಸ್ಟ್ರೇಷನ್ ಸಿಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆದರೆ ಇಕ್ಕಟ್ಟು ನಮಗೂ ತಪ್ಪಿದ್ದಲ್ಲ. ಕುರ್ಲಾದಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಎಂದು ತಯಾರಾಗಿ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಗಾಡಿಯನ್ನೇ ನೋಡಿ. ಪೆಟ್ರೋಲಿಗಾಗಿ ಹುಟ್ಟಿದ ಅದಕ್ಕೆ ಟ್ಯಾಕ್ಸಿಯವರು ಸಿಎನ್‌ಜಿ ಜೋಡಿಸಿದಾಗ ವಾಲ್ವು, ಸ್ವಿಚ್ಚು, ಅವುಗಳ ವಾಯರು ಎಲ್ಲವೂ ಮೊದಲಿದ್ದ ಜಾಗದಲ್ಲೇ ಸೇರಬೇಕಾಯಿತು. ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಓಟ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಹಳೆಯ ಪದ್ಮಿನಿಯನ್ನು ಪ್ರೀತಿಯಿಂದ ಇಟ್ಟುಕೊಂಡ ಓದುಗರಿಗೂ, ಈಗಿನ ಗಾಡಿಗೆ ಹೊರಗಿನಿಂದ ಹಾರ್ನು, ದೀಪ ಹಾಕಿಸುವವರಿಗೂ ಪಾಠ ಒಂದೇ.

ಪರಿಹಾರಗಳಲ್ಲಿ ಮೇಲಾದುದು, ಖರ್ಚಿಲ್ಲದ್ದು, ಮಿಸ್ತ್ರಿಗಳಿಗೆ ಮಾತ್ರ ಬೇಸರದ್ದು ಎಂದರೆ ವಾಯರನ್ನು ದೂರ ಸರಿಸುವುದು. ಒಂದು ಗೇಣು ದೂರ ಸಿಕ್ಕರೆ ಬೇರೆ ಉಪಾಯವೇ ಬೇಡವಾಗಬಹುದು. ಪೈಪಿನ ನೇರ ಮೇಲೆ ಹಾಯಿಸಬಾರದು, ಬಿಸಿಗಾಳಿ ಏರುವುದು ಅಲ್ಲಿಗೇ. ಸರಿಸಿದ ವಾಯರು ಮತ್ತೆ ಜೋಲದಂತೆ ಬಿಗಿಯಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರೆ ಅದು ವಾಯರಿಗಿಂತ ಮೊದಲೇ ಮುರಿದು ಬಿದ್ದೀತು. ರಬ್ಬರು ಒಳಪದರವಿರುವ ಲೋಹದ ಕ್ಲಿಪ್ಪನ್ನೇ ಹಾಕಿಸಿ.

ಸರಿಸಲು ಜಾಗವಿಲ್ಲದಿದ್ದರೆ ನಡುವೆ ಒಂದು ತಗಡು ನಿಲ್ಲಿಸಬೇಕು. ಹೊಳೆಯುವ ಅಲ್ಯುಮಿನಿಯಂ ತಗಡು ತನ್ನ ಮೇಲೆ ಬಿದ್ದ ಝಳದಲ್ಲಿ ನೂರಕ್ಕೆ 90 ಪಾಲಿಗೂ ಮೀರಿ ಹಿಂದಕ್ಕೆ ತಳ್ಳುತ್ತದೆ. ಆದರೆ ತಗಡು ಪೈಪಿಗೂ ತಾಗಬಾರದು, ವಾಯರಿಗೂ ತಾಗಬಾರದು. ಎರಡೂ ಕಡೆ ಬೆರಳು ತೂರುವಷ್ಟು ಗಾಳಿ ಆಡಬೇಕು. ತಾಗಿತೆಂದರೆ ಅದು ಮರೆಯಲ್ಲ, ಎರಡನೆಯ ಹಂಚು. ಚೆನ್ನಾಗಿ ಕಾಣಲೆಂದು ಕಪ್ಪು ಬಣ್ಣ ಬಳಿಸಿದರೆ ಹೊಳಪಿನ ಗುಣವೇ ಹೋಯಿತು.

ಮೂರನೆಯದು ತೋಳುಚೀಲದಂತೆ ವಾಯರಿಗೆ ತೊಡಿಸುವ ಗಾಜಿನ ನೂಲಿನ ಸ್ಲೀವು. ಇದರ ಮೇಲೆ ಜನರಿಗೆ ಅತಿಯಾದ ಭರವಸೆ. ಸ್ಲೀವು ಕಾವನ್ನು ತಡ ಮಾಡುತ್ತದೆಯೇ ಹೊರತು ತಡೆದು ನಿಲ್ಲಿಸುವುದಿಲ್ಲ. ಪೈಪಿಗೆ ಅಂಟಿಸಿ ಗಂಟೆಗಟ್ಟಲೆ ಓಡಿಸಿದರೆ ಒಳಗೂ ಅದೇ ಕಾವು ಬಂದೇ ಬರುತ್ತದೆ. ಬೆಳ್ಳಿ ಹೊಳಪಿನ ಸ್ಲೀವಾದರೆ ಅದರ ತುದಿ ಬ್ಯಾಟರಿಯ ಟರ್ಮಿನಲ್ಲಿಗೆ ತಾಗದಂತೆ ಕತ್ತರಿಸಬೇಕು, ಅಲ್ಯುಮಿನಿಯಂ ವಿದ್ಯುತ್ತನ್ನು ಹರಿಸುತ್ತದೆ. ಲೋಹಾರ್ ಚಾಳಿನ ಅಂಗಡಿಗಳಲ್ಲಿ ವಾಯರು ಕೊಳ್ಳುವಾಗ ಬಣ್ಣ ನೋಡಿ ಕೊಳ್ಳಬೇಡಿ, ಎಷ್ಟು ಡಿಗ್ರಿಯದೆಂದು ಕೇಳಿ. ಸಿಲಿಕೋನ್ ಹೊದಿಕೆಯದು 180 ಡಿಗ್ರಿ ತಾಳುತ್ತದೆ, ಆದರೆ ಉಜ್ಜಿದರೆ ಬೇಗ ಹರಿಯುತ್ತದೆ.

ಪೈಪಿಗೇ ಬಟ್ಟೆಪಟ್ಟಿ ಸುತ್ತುವ ಪದ್ಧತಿ ಹಾಟ್ ರಾಡಿನವರಲ್ಲಿ ಬಳಕೆಯಲ್ಲಿದೆ. ಮುಂಬಯಿಗೆ ಅದು ಬೇಡವೆಂಬುದು ನಮ್ಮ ಅಭಿಪ್ರಾಯ. ನಮ್ಮ ಮಳೆಗಾಲದ ನೀರು, ಸಮುದ್ರದ ಉಪ್ಪುಗಾಳಿ ಆ ಪಟ್ಟಿಯಲ್ಲಿ ಕೂತು ಪೈಪನ್ನು ತಿನ್ನುತ್ತದೆ, ಹೊರಗೆ ಕಾಣುವುದೂ ಇಲ್ಲ. ಹಳೆಯ ಗ್ಯಾರೇಜುಗಳಲ್ಲಿ ಇನ್ನೂ ಆಸ್ಬೆಸ್ಟಸ್ ಹಗ್ಗವೋ ಬಟ್ಟೆಯೋ ಉಳಿದಿದ್ದರೆ ಅದನ್ನು ಮುಟ್ಟಲೇಬೇಡಿ. ಹಿಂದೆ ಗಿರಣಿಗಳ ಉಗಿ ಕೊಳವೆಗೂ ಅದನ್ನೇ ಸುತ್ತುತ್ತಿದ್ದರು. ಅದರ ಎಳೆಗಳು ಶ್ವಾಸಕೋಶದಲ್ಲಿ ಸೇರಿ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರುತ್ತವೆಂಬುದು ಈಗ ಸಿದ್ಧವಾದ ವಿಷಯ.

ಇಷ್ಟೆಲ್ಲ ಮಾಡುವ ಮೊದಲು ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಿಸಿ. ತಣ್ಣಗಿನ ಎಂಜಿನ್ ಶುರು ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು, ಸಂದಿಯ ಸುತ್ತ ಕಪ್ಪು ಮಸಿ, ಇವು ಅದರ ಗುರುತು. ಅಲ್ಲಿಂದ ಚಿಮ್ಮುವ ಹೊಗೆಯ ಮುಂದೆ ಯಾವ ಸ್ಲೀವೂ ನಿಲ್ಲದು.

ಕೊನೆಯದಾಗಿ, ಸುಟ್ಟ ಕೇಬಲಿಗೆಲ್ಲ ಸೈಲೆನ್ಸರೇ ಕಾರಣವಲ್ಲ. ನಮ್ಮ ಓದುಗರೊಬ್ಬರ ಗಾಡಿಯಲ್ಲಿ ಚೋಕಿನ ಕೇಬಲು ಎರಡು ಸಲ ಸುಟ್ಟಿತು. ಎರಡು ಸಲವೂ ಮಿಸ್ತ್ರಿ ಪೈಪಿನ ಕಡೆ ಬೆರಳು ತೋರಿಸಿ ಹೊಸ ಕೇಬಲು ಹಾಕಿದ. ಎರಡನೆಯ ಸಲ ಅವರೇ ಒಂದು ಗುರುತು ಹಿಡಿದರು: ಹೊಗೆ ಬರುವುದು ಬೆಳಿಗ್ಗೆ, ತಣ್ಣಗಿನ ಗಾಡಿಗೆ ಸ್ಟಾರ್ಟರು ಕೊಟ್ಟಾಗ! ಎಂಜಿನ್ನಿಗೂ ಚಾಸಿಗೂ ಜೋಡಿಸುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಕಡಿದಿತ್ತು. ಸ್ಟಾರ್ಟರಿನ ನೂರಾರು ಆಂಪಿಯರ್ ಹಿಂದಿರುಗಲು ದಾರಿ ಕಾಣದೆ ಆ ಬಡ ಉಕ್ಕಿನ ತಂತಿಯ ಮೂಲಕ ಹರಿದು ಅದನ್ನು ಕೆಂಡ ಮಾಡುತ್ತಿತ್ತು. ಆಕ್ಸಿಲರೇಟರಿನ ಕೇಬಲು ಹೀಗೆ ಬೆಂದರೆ ಒಳಪದರ ಕರಗಿ ತಂತಿ ಕಚ್ಚಿಕೊಳ್ಳುತ್ತದೆ, ಕಾಲು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ಆದುದರಿಂದ ಕೇಬಲು ಸುಟ್ಟಾಗ ಅದು ಬಿಸಿ ಎಂಜಿನ್ನಿನಲ್ಲೋ ತಣ್ಣಗಿನದರಲ್ಲೋ ಎಂದು ಮೊದಲು ಕೇಳಿಕೊಳ್ಳಿ. ಅರ್ಥಿಂಗ್ ಪಟ್ಟಿ ಬಿಚ್ಚುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ತೆಗೆದಿಡಿ. ಪಟ್ಟಿಯ ಎರಡೂ ತುದಿಗಳನ್ನು ಮರಳು ಕಾಗದದಿಂದ ಉಜ್ಜಿ, ಲೋಹ ಹೊಳೆದ ಮೇಲೆ ಬೋಲ್ಟು ಬಿಗಿಯಿರಿ.