ಹುಣ್ಣು ಒಣಗಿದರೆ ರೋಗ ಹೋಯಿತೇ?

ಪ್ರಶ್ನೆ: ನನಗೆ 28 ವರ್ಷ. ಎರಡು ತಿಂಗಳ ಹಿಂದೆ ಪರಿಚಯದ ಮಹಿಳೆಯೊಬ್ಬರೊಂದಿಗೆ ಮುಖಮೈಥುನ ಮಾತ್ರ ನಡೆಯಿತು. ಕಾಂಡೋಮ್ ಬಳಸಿರಲಿಲ್ಲ. ಮೂರು ವಾರದ ಮೇಲೆ ಶಿಶ್ನದ ತುದಿಯಲ್ಲಿ ನೋವಿಲ್ಲದ ಒಂದು ಹುಣ್ಣಾಯಿತು. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದೆ, ಒಣಗಿತು. ಆದರೂ ಎಚ್‌ಐವಿ ಬಂದಿದೆಯೇನೋ ಎಂಬ ಭಯದಿಂದ ನಿದ್ದೆ ಬರುತ್ತಿಲ್ಲ. ಮುಂದಿನ ತಿಂಗಳು ಮದುವೆ. ನಮ್ಮೂರಲ್ಲಿ ಪರೀಕ್ಷೆಗೆ ಹೋದರೆ ಎಲ್ಲರಿಗೂ ಗೊತ್ತಾದೀತು. ಏನು ಮಾಡಲಿ?
– ಹೆಸರು ಬೇಡ, ಮೂಡಲಗಿ

ಉತ್ತರ: ನಿಮ್ಮ ಭಯವೆಲ್ಲ ಎಚ್‌ಐವಿ ಮೇಲಿದೆ. ಆದರೆ ಮುಖಮೈಥುನದಿಂದ ಅದು ಹರಡುವ ಸಾಧ್ಯತೆ ತೀರಾ ಕಡಿಮೆ. ನಾನು ಮೊದಲು ಅನುಮಾನಪಡುವುದು ಸಿಫಿಲಿಸ್ ಅನ್ನು. ಅದರ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಮದ್ದಿಲ್ಲದೆಯೂ ಕೆಲವು ವಾರಗಳಲ್ಲಿ ಒಣಗುತ್ತದೆ. ರೋಗಾಣು ಮಾತ್ರ ದೇಹದಲ್ಲಿ ಉಳಿಯುತ್ತದೆ. ಮುಂದೆ ಅಂಗೈ, ಅಂಗಾಲಿನಲ್ಲಿ ದದ್ದು, ಜ್ವರ ಬರಬಹುದು. ಚಿಕಿತ್ಸೆ ಸಿಗದಿದ್ದರೆ ವರ್ಷಗಳ ನಂತರ ಮೆದುಳು, ಹೃದಯಕ್ಕೂ ಹಾನಿಯಾಗಬಹುದು. ಹೆಂಡತಿಗೆ ತಗುಲಿದರೆ ಗರ್ಭಪಾತದ, ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವಿದೆ.

ಬಾಯಿಯಿಂದ ಗೊನೊರಿಯಾ, ಹರ್ಪಿಸ್, ಎಚ್‌ಪಿವಿ ಕೂಡ ಹರಡುತ್ತವೆ. ಗಂಟಲಿನ ಗೊನೊರಿಯಾಕ್ಕೆ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಹಾಗಾಗಿ ಸಂಗಾತಿ ನೋಡಲು ಆರೋಗ್ಯವಾಗಿದ್ದಾರೆಂದು ನಂಬಿ ಕೂರಬೇಡಿ.

ಈ ವಾರವೇ ಪರೀಕ್ಷೆಗೆ ಹೋಗಿ. ಮೂಡಲಗಿಯಲ್ಲಿ ಮುಜುಗರವಾದರೆ ಗೋಕಾಕ ಅಥವಾ ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತಸಮಾಲೋಚಕರನ್ನು ಕೇಳಿ, ಪರೀಕ್ಷೆ ಉಚಿತ. ಎಚ್‌ಐವಿ ಜೊತೆಗೆ ಸಿಫಿಲಿಸ್‌ಗೂ ರಕ್ತ ಪರೀಕ್ಷೆ ಆಗಲೇಬೇಕು. ಹುಣ್ಣು ಒಣಗಿದೆಯೆಂದು ಆ ವಿಷಯ ಮುಚ್ಚಿಡಬೇಡಿ. ಬೆಳಗಾವಿ ಜಿಲ್ಲಾಸ್ಪತ್ರೆಯಲ್ಲಿಯೂ ತೋರಿಸಬಹುದು. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಸಾಮಾನ್ಯವಾಗಿ ಬಹಿರಂಗಪಡಿಸುವಂತಿಲ್ಲ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ. ಎಚ್‌ಐವಿ ಪರೀಕ್ಷೆಯನ್ನು ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಮನಸ್ಸು ನಿರಾಳ.

ಸಿಫಿಲಿಸ್ ಎಂದಾದರೆ ಹೆದರಬೇಡಿ. ಆರಂಭದ ಹಂತದಲ್ಲಿ ಒಂದೇ ಪೆನಿಸಿಲಿನ್ ಇಂಜೆಕ್ಷನ್ ಸಾಮಾನ್ಯವಾಗಿ ಸಾಕು. ಅಂಗಡಿಯಿಂದ ಗುಳಿಗೆ ತಂದು ನುಂಗಬೇಡಿ. ಆ ಮಹಿಳೆಗೂ ವಿಷಯ ತಿಳಿಸಿ, ಅವರಿಗೂ ಪರೀಕ್ಷೆ ಅಗತ್ಯ. ವೈದ್ಯರು ಸರಿಯಾಗಿದೆ ಎನ್ನುವವರೆಗೆ ಯಾರೊಂದಿಗೂ ದೈಹಿಕ ಸಂಪರ್ಕ ಬೇಡ. ಮದುವೆಯ ನಂತರಕ್ಕೂ ಈ ಮಾತು ಅನ್ವಯ.

ಮುಂದೆ ಮುಖಮೈಥುನಕ್ಕೂ ಕಾಂಡೋಮ್ ಇರಲಿ. ಬಾಯಲ್ಲಿ ಹುಣ್ಣಿದ್ದಾಗ, ಗುಟ್ಖಾ ತಿಂದು ಒಸಡಿನಿಂದ ರಕ್ತ ಬರುವಾಗ ದೂರವಿರಿ. ಬಾಯಿ ಮುಕ್ಕಳಿಸಿದರೆ ಸೋಂಕು ತಪ್ಪದು.

ಮುಂದಿನ ತಿಂಗಳು ಮನೆಗೆ ಬರುವ ಹುಡುಗಿಗೆ ನೀವು ಕೊಡಬೇಕಾದ ಮೊದಲ ಗೌರವ ಈ ರಕ್ತ ಪರೀಕ್ಷೆ. ತಡ ಮಾಡಬೇಡಿ.