ಇಲ್ಲದ ಕೈಯ ನೋವು

ಕೆಲವು ವರ್ಷಗಳ ಹಿಂದೆ, ಒಕ್ಕಣೆ ಯಂತ್ರಕ್ಕೆ ಸಿಲುಕಿ ಬಲಗೈ ಕಳೆದುಕೊಂಡ ರೈತರೊಬ್ಬರು ನನ್ನಲ್ಲಿಗೆ ಬಂದಿದ್ದರು. ಗಾಯ ಮಾಗಿ ವರ್ಷ ಕಳೆದಿತ್ತು. ಆದರೂ ಇಲ್ಲದ ಆ ಕೈ ಮುಷ್ಟಿಯಾಗಿ ಬಿಗಿದು ಉಗುರುಗಳು ಅಂಗೈಗೆ ನಾಟುತ್ತಿವೆಯೆಂದು ರಾತ್ರಿಯೆಲ್ಲ ನರಳುತ್ತಿದ್ದರು. ಮನೆಯವರು ಅದನ್ನು ಭ್ರಮೆಯೆಂದರು. ನಾನು ವಾತಪ್ರಕೋಪವೆಂದು ಬಗೆದು ಮೊಂಡುಗೈಗೆ ತೈಲಾಭ್ಯಂಗ ಮಾಡಿಸಿದೆನು. ತೋಳು ಹಗುರವಾಯಿತು; ಮುಷ್ಟಿ ಸಡಿಲವಾಗಲಿಲ್ಲ. ಎಣ್ಣೆ ಹಚ್ಚಬೇಕಾದ ಅಂಗೈಯೇ ಅಲ್ಲಿರಲಿಲ್ಲವಲ್ಲ!

ಈ ನೋವು ಭ್ರಮೆಯಲ್ಲ. 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಯ್ಸ್ ಪಾರೆ ಇದನ್ನು ವರ್ಣಿಸಿದ್ದಾರೆ. 1871ರಲ್ಲಿ ಅಮೆರಿಕದ ವೈದ್ಯ ಸೈಲಸ್ ವೈರ್ ಮಿಚೆಲ್ ಇಂತಹ ಅಂಗವನ್ನು ‘ಫ್ಯಾಂಟಮ್ ಲಿಂಬ್’ ಎಂದು ಕರೆದರು, ಛಾಯಾಂಗವೆನ್ನಬಹುದು. ಕೈ ಹೋದರೂ ಮಿದುಳಿನಲ್ಲಿ ಅದಕ್ಕೆ ಮೀಸಲಾದ ಎಡೆ ಉಳಿದಿರುತ್ತದೆ. ಅಲ್ಲಿಂದ ಆಜ್ಞೆ ಹೊರಡುತ್ತದೆ, ಉತ್ತರ ಮರಳುವುದಿಲ್ಲ. ಈ ಗೊಂದಲವೂ ನೋವಿಗೆ ಒಂದು ಕಾರಣವೆಂದು ಅನೇಕ ತಜ್ಞರು ಭಾವಿಸುತ್ತಾರೆ.

ತಮಿಳುನಾಡಿನಲ್ಲಿ ಜನಿಸಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಇದಕ್ಕೆ ಸಾದಾ ಕನ್ನಡಿಯನ್ನೇ ಬಳಸಿದರು. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಸ್ಥಾನದಲ್ಲಿ ಕಾಣುತ್ತದೆ; ಆ ಕೈಯ ಮುಷ್ಟಿ ಬಿಚ್ಚಿದರೆ ಎರಡೂ ಬಿಚ್ಚಿದಂತೆ ತೋರುತ್ತದೆ. ಆದರೆ ಎರಡು ಕೈಗಳನ್ನೂ ಕಳೆದುಕೊಂಡವರಿಗೆ ಕನ್ನಡಿಯಿಂದ ಪ್ರಯೋಜನವಿಲ್ಲ.

ಸ್ವೀಡನ್ನಿನ ಚಾಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಮ್ಯಾಕ್ಸ್ ಒರ್ಟಿಜ್ ಕ್ಯಾಟಲಾನ್ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆ. ಮೊಂಡುಗೈಯ ಚರ್ಮದ ಮೇಲೆ ಇಸಿಜಿಗೆ ಅಂಟಿಸುವಂತಹ ವಿದ್ಯುದಗ್ರಗಳನ್ನು ಇಡುತ್ತಾರೆ. ರೋಗಿಯು ಇಲ್ಲದ ಬೆರಳನ್ನು ಮಡಿಸಲು ಯತ್ನಿಸಿದಾಗ ಉಳಿದ ಸ್ನಾಯುಗಳಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಗಣಕಯಂತ್ರ ಓದುತ್ತದೆ. ಕ್ಯಾಮೆರಾದ ಮೂಲಕ ಪರದೆಯಲ್ಲಿ ಮೂಡಿದ ಅವನದೇ ದೇಹಕ್ಕೆ ಕೃತಕ ಕೈಯೊಂದು ಜೋಡಣೆಯಾಗಿ, ಅವನು ಬಯಸಿದಂತೆ ಚಲಿಸುತ್ತದೆ. ಇದೇ ಆಗ್ಮೆಂಟೆಡ್ ರಿಯಾಲಿಟಿ. ಅದೇ ಸಂಕೇತಗಳಿಂದ ಪರದೆಯ ಮೇಲೆ ಕಾರೋಟದ ಆಟವನ್ನೂ ಆಡಿಸುತ್ತಾರೆ.

ಬೇರೆ ಚಿಕಿತ್ಸೆಗಳಿಂದ ಫಲ ಕಾಣದ 14 ಜನರಿಗೆ 12 ಬಾರಿ ಈ ಅಭ್ಯಾಸ ಮಾಡಿಸಿದ ವರದಿ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಅಳತೆಯಂತೆ ನೋವು ಸರಾಸರಿ ಅರ್ಧದಷ್ಟು ತಗ್ಗಿತ್ತು. ಆರು ತಿಂಗಳ ಬಳಿಕವೂ ಸುಧಾರಣೆ ಉಳಿದಿತ್ತು. ಆದರೆ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಇದನ್ನು ಅಂತಿಮ ನಿರ್ಣಯವೆನ್ನಲಾಗದು.

ಇಂತಹ ಯಂತ್ರ ನಮ್ಮ ಊರುಗಳಲ್ಲಿ ದೊರೆಯದಿದ್ದರೂ ಕನ್ನಡಿ ದೊರೆಯುತ್ತದೆ. ಅದನ್ನು ಎದೆಯ ನಡುವಿಗೆ ನೇರವಾಗಿ ನಿಲ್ಲಿಸಿ, ಮೊಂಡುಗೈಯನ್ನು ಹಿಂದೆ ಮರೆಮಾಡಿ, ಎದುರಿನ ಕೈಯನ್ನು ನಿಧಾನವಾಗಿ ಮಡಿಸುತ್ತ ಬಿಚ್ಚುತ್ತ ಪ್ರತಿಬಿಂಬವನ್ನೇ ನೋಡಬೇಕು. ನಿತ್ಯ ಹದಿನೈದು ನಿಮಿಷ ಸಾಕು. ಮೊದಲ ದಿನಗಳಲ್ಲಿ ಫಿಸಿಯೋಥೆರಪಿಸ್ಟರು ಜೊತೆಯಲ್ಲಿರುವುದು ಲೇಸು. ತಲೆ ಸುತ್ತಿದರೆ ಅಥವಾ ನೋವು ಹೆಚ್ಚಿದರೆ ಅಂದಿಗೆ ನಿಲ್ಲಿಸಬೇಕು. ಮೊಂಡುಗೈ ಕೆಂಪಾಗಿದ್ದರೆ ಅಥವಾ ಕೀವು ಕಂಡರೆ ಮೊದಲು ಶಸ್ತ್ರವೈದ್ಯರಿಗೆ ತೋರಿಸತಕ್ಕದ್ದು.